ಬಸುರಿ ಬಯಸಿದ ಮೀನು

ಆಫೀಸಿನ ಪಾರ್ಕಿಂಗ್ ಜಾಗದ ಮೂಲೆಯಲ್ಲಿದ್ದ ರೆಡ್‌ಬಡ್ ಮರ ಹೂ ಬಿಟ್ಟದ್ದು ಕಣ್ಣಿಗೆ ಬಿದ್ದ ದಿನದಿಂದ ವೆಂಕಟಗಿರಿ ಕಾರನ್ನು ಕಟ್ಟಡದ ಹಿಂಬದಿಗೆ ಒಯ್ದು ನಿಲ್ಲಿಸತೊಡಗಿದ. ಅಲ್ಲಿಂದ ಬಾಗಿಲಿಗೆ ದೂರ, ಮೇಲೆ ಕ್ಯಾಂಟೀನಿನ ಕಸದ ಡಬ್ಬಿಗಳ ವಾಸನೆ ಬೇರೆ. ಇದ್ದರೆ ಇರಲಿ, ಆ ಹಾಳು ಮರ ಕಾಣದಿದ್ದರೆ ಸಾಕಿತ್ತು ಅವನಿಗೆ. ಒಂದೆಲೆಯೂ ಇಲ್ಲದ ಕೊಂಬೆಗಳಿಗೆ ಮೈತುಂಬ ಗುಲಾಬಿ ಬಣ್ಣದ ಹೂ ಅಂಟಿಸಿಕೊಂಡು ನಿಂತ ಮರವನ್ನು ಕಂಡರೆ ಆಸ್ಟಿನ್ನಿನ ಬೇರೆ ಜನ ಫೋಟೋ ತೆಗೆಯುತ್ತಾರೆ. ಗಿರಿಗೆ ಮಾತ್ರ ಅಂಗೈ ಕಡಿಯುತ್ತಿತ್ತು.

ಯಾಕೆಂದರೆ ಆ ಮರ ಹೂ ಬಿಟ್ಟಿತೆಂದರೆ ಮೀನು ಹೊಳೆ ಹತ್ತಿತು ಎಂದೇ ಲೆಕ್ಕ. ವೈಟ್ ಬಾಸ್ ಅಂತ ಒಂದು ಮೀನು. ಬೆಳ್ಳಿ ಮೈ, ಅದರ ಮೇಲೆ ಉದ್ದಕ್ಕೂ ಕಪ್ಪು ಗೆರೆ. ಸಮುದ್ರದ ಮುಖ ನೋಡಿದ್ದಲ್ಲ. ವರ್ಷವೆಲ್ಲ ಅಣೆಕಟ್ಟಿನ ಹಿನ್ನೀರಿನ ಆಳದಲ್ಲಿ ಬಿದ್ದುಕೊಂಡಿರುತ್ತದೆ. ಚಳಿ ಮುರಿದು ನೀರು ಬೆಚ್ಚಗಾದದ್ದೇ ತಡ, ಲೇಕ್ ಟ್ರಾವಿಸ್ ಎನ್ನುವ ಆ ಕೆರೆ ಬಿಟ್ಟು ಪೆಡರ್ನೇಲ್ಸ್ ಹೊಳೆಗೆ ನುಗ್ಗುತ್ತದೆ. ನೀರಿಗೆದುರಾಗಿ ಹತ್ತಿ ಹತ್ತಿ, ಕಲ್ಲು ಹರಡಿದ ತೆಳುನೀರಿನಲ್ಲಿ ಮೊಟ್ಟೆಯಿಟ್ಟು ಹಿಂದಿರುಗುತ್ತದೆ. ಗಂಡುಗಳು ಮೊದಲು ಬಂದು ಕಾಯುತ್ತವೆ, ಹೆಣ್ಣುಗಳು ಆಮೇಲೆ ಬರುತ್ತವೆ. ಕೆಲವೇ ವಾರಗಳ ಆಟ. ಆ ವಾರಗಳಿಗಾಗಿ ಗಾಳದವರು ಉಳಿದ ವರ್ಷವನ್ನು ಹೇಗೋ ತಳ್ಳುತ್ತಾರೆ.

ಗಿರಿಯೂ ಹಾಗೆ ತಳ್ಳುತ್ತಿದ್ದವನೇ. ಚುಂಚನಕಟ್ಟೆ ಕಡೆಯ ಹೊಳೆದಂಡೆಯವನು. ನಡೆಯಲು ಕಲಿತ ಮೇಲೆ ಮಾತು ಕಲಿತನೋ ಗಾಳ ಹಾಕುವುದನ್ನು ಕಲಿತನೋ ಎಂದು ಅವನ ಮನೆಯಲ್ಲಿ ಇನ್ನೂ ತಮಾಷೆ ಮಾಡುತ್ತಾರೆ. ಅಂಥವನು ಈ ಸಲ ಗಾಳ ಮುಟ್ಟುವುದಿಲ್ಲವೆಂದು ತನಗೆ ತಾನೇ ಆಣೆ ಇಟ್ಟುಕೊಂಡು, ಮರ ಕಂಡರೆ ಮುಖ ತಿರುಗಿಸುತ್ತಿದ್ದ. ಕಾರಣ ಅವನ ಹೆಂಡತಿ ರಾಜಲಕ್ಷ್ಮಿಗೆ ಏಳು ತಿಂಗಳು.

ಹೋದ ವರ್ಷ ಇದೇ ದಿನಗಳಲ್ಲಿ ಅವಳಿಗೆ ಐದು ತಿಂಗಳು ತುಂಬಿತ್ತು. ಶನಿವಾರ ಬೆಳಿಗ್ಗೆ, ನನಗೇನಾಗಿದೆ, ಹೋಗಿ ಬನ್ನಿ ಎಂದು ಅವಳೇ ಕಳಿಸಿದ್ದಳು. ಹೊಳೆ ಇರುವುದು ಸುಣ್ಣದ ಕಲ್ಲಿನ ಬಂಡೆಗಳ ನಡುವೆ, ತಗ್ಗಿನಲ್ಲಿ. ಸೆಲ್‌ಫೋನಿಗೆ ಅಲ್ಲಿ ಜೀವವಿಲ್ಲ. ಐಸ್ ಪೆಟ್ಟಿಗೆಯ ತುಂಬ ಮೀನು ಹೊತ್ತು, ಹಾಡು ಗುನುಗುತ್ತ ಅವನು ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಪಕ್ಕದ ಮನೆಯವರು ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಇವನು ಓಡಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೀನಿನ ಪೆಟ್ಟಿಗೆ ಅಡುಗೆಮನೆಯ ನೆಲದ ಮೇಲೇ ಉಳಿದುಬಿಟ್ಟಿತು. ನಾತ ಹೊಡೆದ ಮೇಲೇ ಅದರ ನೆನಪಾದದ್ದು.

ಆ ವಾರ ಊರಿಗೆ ಫೋನ್ ಮಾಡಿ ತಾಯಿ ಹೊನ್ನಮ್ಮನಿಗೆ ಸುದ್ದಿ ತಿಳಿಸಿದ. ಎಲ್ಲಿದ್ದೆ ನೀನು ಆಗ ಎಂದು ಅವಳು ಕೇಳಿದಳು. ಮೀನು ಹಿಡಿಯಲು ಹೋಗಿದ್ದೆ ಎಂದ. ಅದಕ್ಕೆ ಹೊನ್ನಮ್ಮ ಹೇಳಿದಳು:

"ಬಸುರಿ ಹೆಂಡ್ತಿ ಇಟ್ಕೊಂಡೋನು ಜೀವ ತೆಗೀಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವೇನಪ್ಪಾ?"

ಗೊತ್ತಿತ್ತು. ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ ಅದು. ಬಸುರಿಯ ಗಂಡ ಹಾವು ಹೊಡೆಯಬಾರದು, ಕೋಳಿ ಕೊಯ್ಯಬಾರದು, ಹೆಣಕ್ಕೆ ಹೆಗಲು ಕೊಡಬಾರದು. ಎಂಜಿನಿಯರಿಂಗ್ ಓದಿ, ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯಲ್ಲಿ ಕುಳಿತವನಿಗೆ ಅದನ್ನೆಲ್ಲ ನಂಬಲು ಏನು ಬಂತು ಅನ್ನಬಹುದು. ನಂಬಿಕೆ ಎನ್ನುವುದು ಓದಿನ ಅಪ್ಪಣೆ ಕೇಳಿಕೊಂಡು ಬರುವುದಿಲ್ಲ. ತಾಯಿಯ ಆ ಒಂದು ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಮಗುವನ್ನು ತಾನೇ ಕೊಂದೆ ಎಂದು ಅವನು ತೀರ್ಮಾನಿಸಿಬಿಟ್ಟ. ಯಾರಿಗೂ ಹೇಳಲಿಲ್ಲ. ಗಾಳದ ಕೋಲುಗಳನ್ನು ಗ್ಯಾರೇಜಿನ ಅಟ್ಟದ ಮೇಲೆ ಕಂಬಳಿ ಸುತ್ತಿ ಇಟ್ಟ. ಮೀನು ತಿನ್ನುವುದನ್ನೂ ಬಿಟ್ಟ.

ಈಗ ರಾಜಲಕ್ಷ್ಮಿ ಮತ್ತೆ ಬಸುರಿಯಾದ ಮೇಲೆ ಅವನ ಪಾಡು ನೋಡುವ ಹಾಗಿರಲಿಲ್ಲ. ಕೂತರೆ ಕೂರಲಾರ, ನಿಂತರೆ ನಿಲ್ಲಲಾರ. ಆಫೀಸಿನಿಂದ ಗಂಟೆಗೊಂದು ಫೋನ್. ಅವಳು ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು ಏನಾದರೂ ಬೇಕಾ ಎಂದು ಕೇಳುವುದು. ಕೆಮ್ಮಿದರೆ ಓಡಿ ಬರುವುದು, ಕೆಮ್ಮದಿದ್ದರೆ ಯಾಕೆ ಸದ್ದಿಲ್ಲ ಎಂದು ಓಡಿ ಬರುವುದು. ಲಿವಿಂಗ್ ರೂಮಿನ ಕಾರ್ಪೆಟ್ಟಿನ ಮೇಲೆ ಅವನು ಅಡ್ಡಾಡಿ ಅಡ್ಡಾಡಿ ಸೋಫಾದಿಂದ ಕಿಟಕಿಯವರೆಗೆ ಕಾಲುದಾರಿಯೇ ಬಿದ್ದಿತ್ತು. ಡಾಕ್ಟರು ಎಲ್ಲ ಸರಿಯಾಗಿದೆ ಅಂದರೆ ಇವನ ಭಯ ಇನ್ನೂ ಹೆಚ್ಚಾಗುತ್ತಿತ್ತು; ಹೋದ ವರ್ಷವೂ ಹಾಗೇ ಅಂದಿದ್ದರಲ್ಲ. ಅವಳ ಹೊಟ್ಟೆ ನೋಡುತ್ತಿದ್ದ, ಗಡಿಯಾರ ನೋಡುತ್ತಿದ್ದ, ಅವಳ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

ರಾಜಲಕ್ಷ್ಮಿಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆಂದು ಹೊನ್ನಮ್ಮನೇ ಮುಂಚಿತವಾಗಿ ವಿಮಾನ ಹತ್ತಿ ಬಂದಳು. ಬಂದ ದಿನದಿಂದ ಮಗನ ಅಡ್ಡಾಟ ನೋಡಿದಳು, ಸೊಸೆಯ ಬಿಗಿದ ತುಟಿ ನೋಡಿದಳು.

ಬಸುರಿಗೆ ಬಯಕೆ ತೀರಿಸುವುದೆಂದು ಕನ್ನಡ ಸಂಘದ ಹೆಂಗಸರು ಸರದಿಯ ಮೇಲೆ ಡಬ್ಬಿ ತಂದು ಕೊಡುತ್ತಿದ್ದರು. ಬಿಸಿಬೇಳೆಬಾತು, ಹೋಳಿಗೆ, ಹುಳಿಯವಲಕ್ಕಿ. ರಾಜಲಕ್ಷ್ಮಿ ಮುಗುಳ್ನಕ್ಕು ಎರಡು ತುತ್ತು ತಿಂದು ಮುಚ್ಚಿಡುತ್ತಿದ್ದಳು. ಒಂದು ಬೆಳಿಗ್ಗೆ, ಗಂಡ ಎದುರಿಗೇ ಕಾಫಿ ಕುಡಿಯುತ್ತಿದ್ದರೂ ಅವನ ಕಡೆ ತಿರುಗದೆ, ಅತ್ತೆಗೆ ಹೇಳಿದಳು:

"ಅತ್ತೆ, ನಂಗೆ ಮೀನ್ ಸಾರು ಬೇಕು ಅನ್ನಿಸ್ತಿದೆ. ಹೊಳೆ ಮೀನು. ಬೇರೆ ಏನೂ ಸೇರ್ತಿಲ್ಲ."

ಗಿರಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹೊನ್ನಮ್ಮ ಮಗನನ್ನೂ ಸೊಸೆಯನ್ನೂ ನೋಡಿ ಒಂದು ನಿಟ್ಟುಸಿರು ಬಿಟ್ಟಳು. ಅವಳಿಗೆ ನಿಜಕ್ಕೂ ಪೇಚಾಟಕ್ಕಿಟ್ಟುಕೊಂಡಿತ್ತು. ಬಸುರಿಯ ಗಂಡ ಜೀವ ತೆಗೆಯಬಾರದು ಎನ್ನುವುದು ಎಷ್ಟು ನಿಜವೋ, ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದೂ ಅಷ್ಟೇ ನಿಜ. ಎರಡೂ ಅವಳ ಅತ್ತೆಯೇ ಹೇಳಿಕೊಟ್ಟದ್ದು. ಎರಡೂ ಹೀಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಆ ಪುಣ್ಯಾತ್ಗಿತ್ತಿ ಹೇಳಿರಲಿಲ್ಲ.

ಗಿರಿ ಉಪಾಯ ಹುಡುಕಿದ. ಆಫೀಸ್ ಕೆಲಸಕ್ಕೆ ಡಲ್ಲಾಸಿಗೆ ಹೋದವನು ರಿಚರ್ಡ್‌ಸನ್ನಿನ ಬಾಂಗ್ಲಾದವರ ಅಂಗಡಿಯಿಂದ ಐಸ್‌ನಲ್ಲಿಟ್ಟ ರೋಹು ತಂದ. ರಾಜಲಕ್ಷ್ಮಿ ಮೂಸಿ ನೋಡಿ, ಫ್ರಿಜ್ಜಿನ ವಾಸನೆ ಎಂದು ತಟ್ಟೆ ಪಕ್ಕಕ್ಕೆ ಸರಿಸಿದಳು. ಮುಂದಿನ ವಾರ ಹ್ಯೂಸ್ಟನ್ನಿಗೆ ಅರ್ಧ ದಿನ ಡ್ರೈವ್ ಮಾಡಿ, ವಿಯೆಟ್ನಾಮಿನವರ ಮಾರ್ಕೆಟ್ಟಿನಲ್ಲಿ ಗಾಜಿನ ತೊಟ್ಟಿಯಲ್ಲಿ ಈಜಾಡುತ್ತಿದ್ದ ಮೀನನ್ನೇ ಕೊಯ್ಯಿಸಿ ತಂದ. ಅದನ್ನೂ ಅವಳು ಮುಟ್ಟಲಿಲ್ಲ. ತೊಟ್ಟಿ ಮೀನು, ಹೊಳೆಯನ್ನೇ ಕಂಡಿಲ್ಲ, ಸಪ್ಪೆ ಅಂದಳು. ಎರಡು ಸಲವೂ ಸಾರನ್ನು ಚಪ್ಪರಿಸಿಕೊಂಡು ಉಂಡವಳು ಹೊನ್ನಮ್ಮ ಒಬ್ಬಳೇ. ಇತ್ತ ರೆಡ್‌ಬಡ್ ಹೂ ಉದುರಿ ಎಲೆ ಇಣುಕತೊಡಗಿತು. ಇನ್ನು ಸ್ವಲ್ಪ ದಿನ ಕಳೆದರೆ ಮೀನು ಕೆರೆಗೆ ಇಳಿದುಬಿಡುತ್ತದೆ ಎನ್ನುವುದು ತನಗೆ ಬಿಟ್ಟರೆ ಆ ಮನೆಯಲ್ಲಿ ಇನ್ಯಾರಿಗೂ ಗೊತ್ತಿರಲಾರದು ಎಂದು ಅವನು ಅಂದುಕೊಂಡಿದ್ದ.

ಆಗ ಬಂದವನು ಹಯಗ್ರೀವ. ಆಫೀಸಿನ ಗೆಳೆಯ, ಮೇಲುಕೋಟೆಯ ಅಯ್ಯಂಗಾರಿ, ಈರುಳ್ಳಿಯನ್ನೂ ಲೆಕ್ಕ ನೋಡಿ ತಿನ್ನುವವನು. ಅಂಥವನಿಗೆ ಹುಚ್ಚು ಹಿಡಿಸಿದ್ದು ಮೀನಿನ ಗಾಳ. ಓದುವಾಗ ಜೊತೆಗಿದ್ದ ಯಾರೋ ಅಂಟಿಸಿದ ಚಟ. ಹಿಡಿಯುತ್ತಾನೆ, ಕೊಕ್ಕೆ ಬಿಡಿಸುತ್ತಾನೆ, ಕ್ಷಮಿಸಪ್ಪಾ ಎಂದು ಮೆಲ್ಲಗೆ ಹೇಳಿ ನೀರಿಗೆ ಬಿಡುತ್ತಾನೆ. ಮನೆಗೆ ಬಂದು ತಲೆಗೆ ಸ್ನಾನ ಮಾಡುತ್ತಾನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಮೀನಿನ ಜೀವ ಅವನ ಕೈಯಿಂದ ಹೋದದ್ದಿಲ್ಲವಂತೆ. ಆದರೂ ಅವನ ಹೆಂಡತಿ ಗಾಳದ ಕೋಲನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿಲ್ಲ.

ಹೊನ್ನಮ್ಮ ಅವನನ್ನು ಕೂರಿಸಿಕೊಂಡು ನ್ಯಾಯ ತೀರ್ಮಾನ ಮಾಡಿದಳು. ಗಾಳ ಹಯಗ್ರೀವ ಹಾಕಲಿ. ಹಿಡಿದ ಮೀನನ್ನು ಗಿರಿಯ ಬಕೆಟ್ಟಿಗೆ ಹಾಕಲಿ. ಗಿರಿ ಮನೆಗೆ ತರಲಿ. ದಾರಿಯಲ್ಲಿ ಸತ್ತರೆ ಅದರ ಹಣೆಬರಹ, ಬದುಕಿದ್ದರೆ ತಾನಿದ್ದೇನೆ. ಕೊಲ್ಲುವ ಮಾತು ಬಂದ ಕೂಡಲೇ ಹಯಗ್ರೀವ ಕಿವಿ ಮುಚ್ಚಿಕೊಂಡ. ಬಕೆಟ್ಟಿಗೆ ಹಾಕುವವರೆಗೆ ನನ್ನ ಜವಾಬ್ದಾರಿ, ಆಮೇಲೆ ನಾನು ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂದ. ಆಗ ರಾಜಲಕ್ಷ್ಮಿ ಏನೋ ಹೇಳಲು ಬಾಯಿ ತೆರೆದಳು. ಹೊನ್ನಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು.

ಶನಿವಾರ ಇಬ್ಬರೂ ಹೊರಟರು. ಅಲ್ಲಿ ಗಾಳ ಹಾಕಲು ವರ್ಷವರ್ಷವೂ ಸರ್ಕಾರಿ ಲೈಸೆನ್ಸ್ ಬೇಕು; ಈ ವರ್ಷದ್ದು ಗಿರಿಯ ಪರ್ಸಿನಲ್ಲೇ ಇತ್ತು. ಆಣೆ ಇಟ್ಟವನು ಲೈಸೆನ್ಸ್ ಯಾಕೆ ಮಾಡಿಸಿದ್ದ ಎಂದು ಕೇಳಬೇಡಿ. ಅದನ್ನು ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಹೊಳೆಯ ಸದ್ದು ಕಿವಿಗೆ ಬಿತ್ತು. ಹೋದ ವರ್ಷದ ಅದೇ ಬಂಡೆ, ಅದೇ ಸೈಪ್ರೆಸ್ ಮರದ ಬೇರು. ಹಯಗ್ರೀವ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು ಗಾಳ ಬೀಸಿದ. ಗಿರಿ ಬಕೆಟ್ ಹಿಡಿದು ದಡದಲ್ಲಿ ನಿಂತ. ನಿಂತ ಎಂದರೆ ತಪ್ಪು. ಬಂಡೆಯಿಂದ ಬೇರಿಗೆ, ಬೇರಿನಿಂದ ಬಂಡೆಗೆ ಓಡಾಡಿದ. ಸ್ವಲ್ಪ ಹೊತ್ತಿಗೊಮ್ಮೆ ದಿಬ್ಬ ಹತ್ತಿ, ಫೋನಿಗೆ ಜೀವ ಬರುವ ಎತ್ತರಕ್ಕೆ ಏದುಸಿರು ಬಿಡುತ್ತ ಹೋಗಿ, ಮನೆಗೆ ಫೋನ್ ಮಾಡಿ, ಚೆನ್ನಾಗಿದ್ದೀಯಾ ಎಂದು ಕೇಳಿ, ಮತ್ತೆ ಇಳಿದು ಬರುತ್ತಿದ್ದ. ಮೂರನೇ ಸಲಕ್ಕೆ ರಾಜಲಕ್ಷ್ಮಿ, ಚೆನ್ನಾಗಿದ್ದೆ, ನೀವು ಮಲಗಿದ್ದವಳನ್ನ ಎಬ್ಬಿಸಿದ್ರಿ ಅಷ್ಟೆ ಎಂದಳು.

ಮೊದಲ ಮೀನು ಬಿತ್ತು. ಹಯಗ್ರೀವ ಅದನ್ನು ಎಳೆದು, ಕೊಕ್ಕೆ ಬಿಡಿಸಿ, ಕ್ಷಮಿಸಪ್ಪಾ ಎಂದು ನೀರಿಗೆ ಬಿಟ್ಟುಬಿಟ್ಟ. ಬಕೆಟ್ ಹಿಡಿದು ಬಗ್ಗಿದ್ದ ಗಿರಿ ಬಗ್ಗಿಯೇ ಇದ್ದ. ಹಯಗ್ರೀವ ನಾಲಿಗೆ ಕಚ್ಚಿಕೊಂಡು, ಅಭ್ಯಾಸ ಕಣಯ್ಯ, ಕೈ ತಾನಾಗೇ ಹೋಯ್ತು ಎಂದ. ಎರಡನೆಯದನ್ನು ಬಹಳ ಎಚ್ಚರದಿಂದ, ಹಲ್ಲು ಕಚ್ಚಿ ಬಕೆಟ್ಟಿಗೆ ಹಾಕಿದ. ದಪ್ಪ ಗಂಡು ಮೀನು. ಬಕೆಟ್ಟಿನ ನೀರನ್ನೆಲ್ಲ ಕಲಕಿಬಿಟ್ಟಿತು. ಗಿರಿ ಈ ಸುದ್ದಿ ತಿಳಿಸಲು ದಿಬ್ಬ ಹತ್ತಿದ. ಹಿಂತಿರುಗಿದಾಗ ಬಕೆಟ್ಟಿನಲ್ಲಿ ನೀರು ತಿಳಿಯಾಗಿ ನಿಂತಿತ್ತು. ಮೀನು ಇರಲಿಲ್ಲ.

ಹಯಗ್ರೀವ ಬಂಡೆಯ ಮೇಲೆ ಕುಳಿತು ತಲೆ ತಗ್ಗಿಸಿದ್ದ.

"ನನ್ನನ್ನೇ ನೋಡ್ತಿತ್ತು ಗಿರಿ. ಬಾಯಿ ಆಡಿಸ್ತಿತ್ತು. ನನ್ನ ಕೈಲಿ ಆಗ್ಲಿಲ್ಲ. ಬೈಯಿ, ತಪ್ಪು ನನ್ದೇ."

ಗಿರಿ ಬೈದ. ಇಬ್ಬರ ತಾಯಂದಿರೂ ಕೇಳಬಾರದ ಮಾತುಗಳಲ್ಲಿ ಬೈದ. ಪುಳಿಯೋಗರೆ ತಿನ್ನುವವನಿಗೆ ಗಾಳ ಯಾಕೆ ಬೇಕಿತ್ತು ಅಂದ. ಒಂದು ವರ್ಷದಿಂದ ಯಾರ ಮೇಲೂ ಎತ್ತರಿಸದ ದನಿ ಬಂಡೆಗಳಿಗೆ ಬಡಿದು ವಾಪಸು ಬಂತು. ಹಯಗ್ರೀವ ಎಲ್ಲವನ್ನೂ ಕೇಳಿಸಿಕೊಂಡು, ಇನ್ನೊಂದು ಸಲ ಪ್ರಯತ್ನ ಮಾಡಲಾ ಎಂದ. ಬೇಡ ಎಂದು ಗಿರಿ ಮತ್ತೆ ದಿಬ್ಬ ಹತ್ತಿದ. ಬಿಸಿಲು ಆಗಲೇ ಎದುರು ದಡದ ಮರಗಳ ತುದಿಗೆ ಸರಿದಿತ್ತು.

ಮೀನು ಇಲ್ಲ, ಬರಿಗೈಯಲ್ಲಿ ಬರುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ. ಹಯಗ್ರೀವನ ಕಥೆ ಹೇಳಿದ. ರಾಜಲಕ್ಷ್ಮಿ ನಗಲಿಲ್ಲ.

"ಅವ್ರು ಹಿಡಿದ ಮೀನು ನಂಗೆ ಬೇಕು ಅಂತ ಯಾರು ಹೇಳಿದ್ರು? ನೀವು ಹಿಡೀರಿ."

ನನ್ನ ಕೈಲಿ ಆಗಲ್ಲ ಅಂದ. ಹೋದ ವರ್ಷ ಎಂದು ಶುರುಮಾಡಿದ. ಉಳಿದದ್ದನ್ನು ಅವಳೇ ಹೇಳಿದಳು:

"ಹೋದ ವರ್ಷ ನೀವು ನನ್ನ ಪಕ್ಕದಲ್ಲೇ ಕೈ ಹಿಡ್ಕೊಂಡು ಕೂತಿದ್ರೂ ಅದು ಉಳೀತಿರ್ಲಿಲ್ಲ ರೀ. ಡಾಕ್ಟರು ನಂಗೂ ಹೇಳಿದ್ರು, ನಿಮ್ಗೂ ಹೇಳಿದ್ರು. ನಾನು ಕೇಳಿಸ್ಕೊಂಡೆ, ನೀವು ಕೇಳಿಸ್ಕೊಳ್ಲಿಲ್ಲ. ಮಗು ಹೋಯ್ತು ಅಂತ ನಾನು ಅಳೋಣ ಅಂದ್ರೆ, ನೀವು ಕಳ್ಳನ ಥರ ಮೂಲೆಯಲ್ಲಿ ನಿಂತಿರ್ತಿದ್ರಿ. ಅಳೋದಕ್ಕೂ ನಂಗೆ ಜೊತೆ ಇರ್ಲಿಲ್ಲ. ಈಗ ಏಳು ತಿಂಗಳಿಂದ ಮನೇಲಿ ಕಾವಲುಗಾರ ಇದ್ದಾನೆ, ಗಂಡ ಇಲ್ಲ. ಮೀನು ಹತ್ತೋ ಕಾಲ ಮುಗೀತಾ ಬಂತು, ನಂಗೂ ಗೊತ್ತು, ಮೂರು ವರ್ಷದಿಂದ ಕೇಳಿದೀನಿ ಆ ಪುರಾಣಾನ. ಬಯಕೆ ಅಂದ್ರೆ ಅತ್ತೆ ನಿಮ್ಮನ್ನ ಕಳಿಸೇ ಕಳಿಸ್ತಾರೆ ಅಂತಾನೇ ಮೀನು ಕೇಳ್ದೆ. ಹಿಡಿದು ತನ್ನಿ. ಇಲ್ದಿದ್ರೆ ಅಲ್ಲೇ ಇರಿ."

ಫೋನ್ ಇಟ್ಟಳು. ಗಿರಿ ದಿಬ್ಬದ ಮೇಲೆ ಒಣ ಹುಲ್ಲಿನ ನಡುವೆ ಕುಳಿತುಬಿಟ್ಟ. ಅವನಿಗೆ ಅವಳ ಮೇಲೆ ಸಿಟ್ಟು ಬಂತು, ನಾಚಿಕೆಯಾಯಿತು, ಎರಡರ ಕೆಳಗೂ ಭಯ ಹಾಗೇ ಇತ್ತು. ಭಯ ಹೋದ ಮೇಲೆ ಹಿಡಿಯೋಣ ಎಂದು ಕಾದರೆ ಇನ್ನು ಹತ್ತು ವಸಂತ ಕಾದರೂ ಅದು ಹೋಗುವುದಿಲ್ಲ ಎಂದು ಅವನಿಗೆ ಅಲ್ಲಿ ಗೊತ್ತಾಯಿತು. ಎದ್ದು ಕೆಳಗಿಳಿದ. ಹಯಗ್ರೀವನ ಕೈಯಿಂದ ಕೋಲು ಕಿತ್ತುಕೊಂಡ.

ಮೊದಲ ಎಸೆತ ಮರದ ಬೇರಿಗೆ ಸಿಕ್ಕಿ, ಬಿಡಿಸಿಕೊಳ್ಳಲು ನೀರಿಗಿಳಿಯಬೇಕಾಯಿತು. ತೊಡೆಯವರೆಗೆ ತಣ್ಣನೆ ನೀರು. ಎರಡನೆಯದನ್ನು ಹರಿವು ಬಂಡೆಗೆ ಬಡಿದು ತಿರುಗುವ ಕಡೆ ಎಸೆದ. ದಾರ ಮೊದಲು ಮೆತ್ತಗೆ ತಗ್ಗಿತು, ಆಮೇಲೆ ಜಗ್ಗಿತು. ಆ ಜಗ್ಗುವಿಕೆ ಮೊಣಕೈಗೆ, ಹೆಗಲಿಗೆ, ಎಲ್ಲಿಯೋ ಎದೆಯೊಳಕ್ಕೆ ಬಂದು ಮುಟ್ಟಿತು. ಅವನಿಗೆ ಅಳು ಬಂತು. ಅಳುತ್ತಲೇ ರೀಲ್ ಸುತ್ತಿದ. ಮೀನು ಹೊರಗೆ ಬಂದು ಬಂಡೆಯ ಮೇಲೆ ಹೊರಳಾಡಿದಾಗ ಹಯಗ್ರೀವ ಹೇಳಿದ್ದಂತೆಯೇ ಆ ಕಡೆ ತಿರುಗಿ ನಿಂತ. ಗಿರಿ ಕೈಗೆ ಸಿಕ್ಕ ಕಲ್ಲಿನಿಂದ ಅದರ ತಲೆಗೆ ಒಂದೇ ಏಟು ಹೊಡೆದ. ಇನ್ನೂ ಎರಡು ಹಿಡಿದ. ಅವುಗಳಿಗೂ ಅದೇ ಆಯಿತು.

ಆಮೇಲೆ ದಿಬ್ಬ ಹತ್ತಿ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಸಿಗ್ನಲ್ ಸಿಕ್ಕಲ್ಲೆಲ್ಲ ಸ್ಟೀರಿಂಗ್ ಬಡಿಯುತ್ತ ಕುಳಿತ. ತಮ್ಮ ಬೀದಿಗೆ ತಿರುಗಿದಾಗ ಮನೆಯ ಬಾಗಿಲು ತೆರೆದಿರುವುದು ಕಂಡಿತು. ಹೋದ ವರ್ಷದ ಹಾಗೆಯೇ ಪೂರ್ತಿ ತೆರೆದಿತ್ತು. ಗಿರಿ ಕಾರನ್ನು ನಡುಬೀದಿಯಲ್ಲೇ ಬಿಟ್ಟು ಓಡಿದ. ಹಿಂದೆ ಹಯಗ್ರೀವ ಬ್ರೇಕು, ಬ್ರೇಕು ಎಂದು ಕೂಗುತ್ತಿದ್ದ.

ರಾಜಲಕ್ಷ್ಮಿ ಹೊಸ್ತಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಒಳಗಿನಿಂದ ಹುರಿದ ಕೊತ್ತಂಬರಿ ಬೀಜದ, ಬೆಳ್ಳುಳ್ಳಿಯ ಘಾಟು ಬರುತ್ತಿತ್ತು. ಖಾರ ಈಗಷ್ಟೇ ಹುರಿದು ರುಬ್ಬಿದ್ದು, ಘಾಟಿಗೆ ಬಾಗಿಲು ತೆರೆದೆವು, ಮೀನು ಎಲ್ಲಿ ಎಂದು ಕೇಳಿದಳು. ಮೀನು ಕಾರಿನಲ್ಲೇ ಇತ್ತು. ಅವನು ಅವಳ ಮುಖ ನೋಡುತ್ತ ನಿಂತ, ಬಹಳ ಹೊತ್ತು ನೋಡಿದ. ಹಯಗ್ರೀವ ಬಕೆಟ್ಟನ್ನು ಕೈ ಚಾಚಿ ದೂರ ಹಿಡಿದುಕೊಂಡು ತಂದು ಬಾಗಿಲಲ್ಲಿಟ್ಟು, ಸ್ನಾನಕ್ಕೆಂದು ಹೊರಟುಹೋದ.

ಊಟಕ್ಕೆ ರಾಗಿ ಮುದ್ದೆ, ಮೀನಿನ ಸಾರು. ರಾಜಲಕ್ಷ್ಮಿ ಎರಡನೇ ಸಲ ಬಡಿಸಿಕೊಂಡಳು. ಗಿರಿಯ ತಟ್ಟೆಗೆ ಹೊನ್ನಮ್ಮ ಕೇಳದೆಯೇ ತಲೆಯ ತುಂಡು ಹಾಕಿದಳು. ಹಿಡಿದವನಿಗೆ ತಲೆ ಎನ್ನುವುದು ಅವರ ಮನೆಯ ರೂಢಿ. ಅವನು ಅದನ್ನು ಮುಟ್ಟದೆ ಮುದ್ದೆ ಕಲಸುತ್ತ ಕುಳಿತ. ಅವ್ವಾ, ಮಗೂಗೆ ಏನೂ ಆಗಲ್ಲ ತಾನೆ ಎಂದು ತಟ್ಟೆ ನೋಡುತ್ತಲೇ ಕೇಳಿದ.

ಹೊನ್ನಮ್ಮ ಸೌಟನ್ನು ಪಾತ್ರೆಯೊಳಗಿಟ್ಟಳು.

"ನೀನು ನನ್ನ ಹೊಟ್ಟೇಲಿದ್ದಾಗ ನಿಮ್ಮಪ್ಪ ಹೊಳೆ ಬಿಟ್ಟು ಮನೆಗೆ ಬಂದೋನಲ್ಲ ಕಣ್ ಮಗ. ದಿನಾ ಮೀನೇ. ನಾನು ತಿಂದೆ, ನೀನು ಹುಟ್ಟಿದೆ."

ಹಾಗಾದರೆ ನನಗ್ಯಾಕೆ ಹಾಗಂದೆ ಎಂದು ಗಿರಿ ಕೇಳಿದ. ದನಿ ಸಣ್ಣಗಿತ್ತು. ಹೊನ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಏನ್ ಹೇಳ್ಲಿ. ನಾನು ಅಷ್ಟ್ ದೂರ, ಮೊಮ್ಮಗು ಹೋಯ್ತು ಅಂದೆ ನೀನು. ಯಾರ್ನಾದ್ರೂ ಬೈಬೇಕಾಗಿತ್ತು. ದೇವ್ರು ಫೋನಲ್ಲಿ ಸಿಕ್ತಿರ್ಲಿಲ್ಲ, ನೀನು ಸಿಕ್ಕಿದ್ದೆ."

ಗಿರಿ ತಲೆಯ ತುಂಡು ಮುರಿದು ಬಾಯಿಗಿಟ್ಟುಕೊಂಡ. ಅಗಿಯುವುದು ನಿಂತು, ಕಣ್ಣಲ್ಲಿ ನೀರು ತುಂಬಿತು. ಮುಳ್ಳು ಸಿಕ್ಕಿತೇನೋ ಎಂದು ರಾಜಲಕ್ಷ್ಮಿ ಗಾಬರಿಯಾಗಿ ತನ್ನ ತಟ್ಟೆಯಿಂದ ದೊಡ್ಡದೊಂದು ಮುದ್ದೆ ತುತ್ತು ಮುರಿದು ಅವನ ಬಾಯಿಗೆ ಹಿಡಿದಳು. ಮುಳ್ಳೇನೂ ಸಿಕ್ಕಿರಲಿಲ್ಲ. ಅವನು ಅದನ್ನು ಅಗಿಯದೆ ನುಂಗಿ, ಅವಳ ಕೈ ಹಿಡಿದುಕೊಂಡು ತಾಯಿಯೆದುರೇ ಅತ್ತ. ಈ ಸಲ ಅವಳೂ ಜೊತೆಗೇ ಅತ್ತಳು. ಹೊನ್ನಮ್ಮ ಎದ್ದು ಸಾರು ಬಿಸಿ ಮಾಡಲು ಹೋದಳು.